ಲಕ್ಷ್ಮಣಾಚಾರಿ ಹಿಡಿಯಲಾರದ ಉಸಿರು

ಕೆ.ಆರ್. ಪೇಟೆಯ ಅಕ್ಕಸಾಲಿ ಲಕ್ಷ್ಮಣಾಚಾರಿಗೆ ಈಚೆಗೆ ಮನೆಯ ಮೆಟ್ಟಿಲು ಹತ್ತಿದರೂ ಏದುಸಿರು. ಮಲಗಿದರೆ ದಮ್ಮು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ನಿದ್ದೆ. ಊದುಗೊಳವೆ ಊದಿ ಬೆಸುಗೆ ಹಾಕುತ್ತಲೇ ಬಾಳಿದವರು, ಅದನ್ನು ಮೂಲೆಗಿಟ್ಟು ಗ್ಯಾಸಿನ ಟಾರ್ಚು ಹಿಡಿದಿದ್ದರು. ಯಾರಾದರೂ ಕೇಳಿದರೆ "ಕಾಲ ಬದಲಾಯ್ತಲ್ಲ" ಅನ್ನುತ್ತಿದ್ದರು. ನಿಜ ಬಲ್ಲವಳು ಹೆಂಡತಿ ಪುಟ್ಟಲಕ್ಷ್ಮಮ್ಮ ಒಬ್ಬಳೇ.

ಮೈಸೂರಿನ ಡಾಕ್ಟರು ಹೃದಯದ ಎಂಆರ್‌ಐ ಮಾಡಿಸಲು ಹೇಳಿದರು. ಗುಂಡಿಗೆ ಎಷ್ಟು ಬಲವಾಗಿ ಬಡಿಯುತ್ತಿದೆ, ಅದರಲ್ಲಿ ಹಳೇ ಗಾಯದ ಕಲೆ ಉಳಿದಿದೆಯೇ ಎಂದು ನೋಡದೆ ಔಷಧ ತೀರ್ಮಾನಿಸುವಂತಿರಲಿಲ್ಲ.

ಆ ಸ್ಕ್ಯಾನ್ ತೆಗೆಯುವ ಮೈಸೂರಿನ ಸೆಂಟರಿನಲ್ಲೇ ನರ್ಸಾಗಿದ್ದ ಪಕ್ಕದ ಮನೆಯ ವೀಣ ಸ್ಕ್ಯಾನಿನ ಹಿಂದಿನ ದಿನವೇ ಬಂದು ಕೂತಳು.

"ದೊಡ್ಡಪ್ಪ, ಒಂದೊಂದ್ ಪಟಕ್ಕೂ ಉಸಿರು ಹಿಡ್ಕಂಡು ಮಲಗ್ಬೇಕು. ಆಗ ಪಟ ಚೊಕ್ಕವಾಗ್ ಬತ್ತದೆ. ಆಗ್ದೋರ್ಗೆ ಬೇಗ ತೆಗ್ಯೋ ಬಗೇನೂ ಅದೆ, ಉಸಿರಾಡ್ತಾನೇ ಇರ್ಬೋದು. ಪಟ ಮಾತ್ರ ವಸಿ ಮಾಸಲು."

"ಬ್ಯಾಡ ಬುಡು. ಆತುರದಲ್ಲಿ ಮಾಡಿದ್ ಒಡವೇನ ನಾನು ಕೈಲೂ ಮುಟ್ಟಾಕಿಲ್ಲ."

"ಉಸಿರು ಹಿಡೀತೀಯಾ?"

"ಅಕ್ಕಸಾಲೀನ ಕೇಳೋ ಮಾತಾ ಇದು?" ಎಂದು ಅವರು ಹೆಂಡತಿಯ ಕಡೆ ನೋಡಿದರು. ಪುಟ್ಟಲಕ್ಷ್ಮಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಸ್ಕ್ಯಾನ್ ಕೋಣೆಯ ಹೊರಗೆ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಮನೆದೇವರನ್ನು ನೆನೆದಳು, ಅರ್ಧದಲ್ಲೇ ಮನಸ್ಸು ಆ ಬಾಗಿಲಿಗೇ ಓಡಿತು. ವೀಣ ಹೊರಗೆ ಬಂದಾಗ ಮುಖ ಚಿಕ್ಕದಾಗಿತ್ತು.

"ದೊಡ್ಡಪ್ಪನ ಕೈಲಿ ಉಸಿರು ಹಿಡಿಯಾಕಾಗ್ನಿಲ್ಲ, ಪಟ ಎಲ್ಲಾ ಕಲಸ್ಕಂಡವೆ ದೊಡ್ಡವ್ವ. ಡಾಕ್ಟ್ರಿಗೆ ಏನೂ ತಿಳಿಯಾಕಿಲ್ಲ. ಇನ್ನೊಂದ್ ದಪ ಒಳೀಕೆ ಬರಾಕಿಲ್ಲ ಅಂತ ದೊಡ್ಡಪ್ಪ ಕೂತವ್ನೆ."

ಪುಟ್ಟಲಕ್ಷ್ಮಮ್ಮ ವೀಣಳ ಕೈ ಹಿಡಿದುಕೊಂಡಳು. ಇವರು ಹೀಗೇ ಎದ್ದು ಬಸ್ಸು ಹತ್ತಿದರೆ, ಕಾಯಿಲೆ ಯಾವುದೆಂದೇ ತಿಳಿಯದೆ ಉಳಿಯುತ್ತದೆ.

"ಕೂತ್ಕಂಡೇ ನಿದ್ದೆ ಮಾಡ್ತಾರೆ ಕಣವ್ವ. ಊದುಗೊಳವೆ ಮುಟ್ಟಿ ವರ್ಸ ಆಯ್ತು. ಅವ್ರ ಮಾನ ಅಂತ ಬಾಯ್ ಮುಚ್ಕಂಡಿದ್ದೆ."

ಅಷ್ಟರಲ್ಲಿ ಲಕ್ಷ್ಮಣಾಚಾರಿ ಬಾಗಿಲಲ್ಲಿ ನಿಂತಿದ್ದರು. "ತೆಗ್ದ್ಯಲ್ಲ ನನ್ ಮಾನ."

"ಮಾನ ಅಂಗಿರ್ಲಿ. ನಂಗೆ ನೀವ್ ಬೇಕು."

ಅವರು ಅಲ್ಲೇ ಬೆಂಚಿನ ಮೇಲೆ ಕೂತರು. ವೀಣ ಮೆಲ್ಲಗೆ ಕೇಳಿದಳು, "ದೊಡ್ಡಪ್ಪ, ಯಾರಾನ ಚಿನ್ನ ತಂದ್ರೆ ಕೂಡ್ಲೇ ಕರಗಿಸ್ತೀಯಾ?"

"ಯಾಕ್ ಕರಗಿಸ್ಲಿ? ಒರೆಗಲ್ಲಿಗೆ ಉಜ್ಜುದ್ರೆ ಸಾಕು. ಅನುಮಾನ ಬಂದ್ರೆ ಕರಗಿಸ್ತೀನಿ."

"ಇಲ್ಲೂ ಅಂಗೇಯ. ಗುಂಡಿಗೆ ಎಂಗ್ ಬಡೀತದೆ ಅಂತ ನೋಡಾಕೆ ಬೇಗದ ಪಟ ಸಾಕು. ಮಾಸಲು ದಿಟ, ಆದ್ರೆ ಕಲಸ್ಕಂಡಿರಾಕಿಲ್ಲ. ಸಣ್ಣ ಕಲೆ ಹುಡ್ಕಾಕೆ ನಿಧಾನದ್ದೇ ಬೇಕು. ಅದನ್ನ ನಿನ್ನ ಉಸಿರು ನೋಡ್ಕಂಡು ಮೆಷಿನ್ನೇ ಕಾದು ತೆಗೀತದೆ. ಮಲಗಾಕೆ ಬೆನ್ನಿಗೆ ದಿಂಬು ಕೊಟ್ಟು ವಸಿ ಎತ್ತಿ ಇಡ್ತೀವಿ. ಯಾವ್ದು ಎಷ್ಟು ಬೇಕು ಅಂತ ಡಾಕ್ಟ್ರು ಹೇಳ್ತಾರೆ. ನಿನ್ ಕೈಲಿ ಏನಾಗಾಕಿಲ್ಲ ಅಂತ ನೀನ್ ಹೇಳ್ಬೇಕು."

"ಮೊದ್ಲೇ ಒರೆಗಲ್ಲು ಅಂದಿದ್ರೆ ಒಪ್ತಿದ್ದೆ ಕಣವ್ವ" ಎನ್ನುತ್ತ ಅವರು ಮತ್ತೆ ಒಳಗೆ ಹೋದರು.

ಈ ಸಲ ಬೇಗದ ಪಟಗಳು ಮಾಸಲಾಗಿದ್ದರೂ ಡಾಕ್ಟರಿಗೆ ಬೇಕಾದ ಉತ್ತರ ಅವುಗಳಲ್ಲಿತ್ತು. ಬಡಿತ ಬಲಗುಂದಿತ್ತು; ನಿಧಾನದ ಪಟದಲ್ಲಿ ಒಂದು ಕಡೆ ಸಣ್ಣ ಕಲೆ ಕಂಡಿತು. ಅಂದೇ ಔಷಧ ಶುರುವಾಯಿತು.

ಮುಂದಿನ ವಾರ ಅಂಗಡಿಗೆ ಬಂದ ಹಳೇ ಗಿರಾಕಿ ಕೆಂಪಣ್ಣ, "ಊದುಗೊಳವೆ ಎಲ್ಲಿ ಆಚಾರ್ರೇ?" ಎಂದ. ಒಳಗಿದ್ದ ಪುಟ್ಟಲಕ್ಷ್ಮಮ್ಮ ಉಸಿರು ಬಿಗಿಹಿಡಿದಳು.

"ದಮ್ಮಿಲ್ಲ ಕಣಪ್ಪ. ಗುಂಡಿಗೆಗೆ ಔಷಧ ತಕತಾ ಇವ್ನಿ" ಎಂದರು ಲಕ್ಷ್ಮಣಾಚಾರಿ.

ಅಣ್ಣಂದಿರೇ, ಅಕ್ಕಂದಿರೇ, ಹೃದಯದ ಸ್ಕ್ಯಾನಿಗೆ ಹೋಗುವಾಗ ಉಸಿರು ಹಿಡಿಯಲು, ಚಪ್ಪಟೆಯಾಗಿ ಮಲಗಲು ಆಗದಿದ್ದರೆ ಮೊದಲೇ ಹೇಳಿ. ಮೈಮೇಲಿನ ಒಡವೆ, ತಾಯತ ತೆಗೆದಿಡಿ. ಮೈಯೊಳಗೆ ಲೋಹವಿದ್ದರೆ ಮುಚ್ಚಿಡಬೇಡಿ. ಬೇಗದ ಪಟವೆಂದು ಹೀಗಳೆಯಬೇಡಿ, ಬೇಗ ಮುಗಿಯಲೆಂದು ಹಟವನ್ನೂ ಹಿಡಿಯಬೇಡಿ. "ನನಗೆ ಯಾವುದು, ಯಾಕೆ?" ಎಂದು ಡಾಕ್ಟರನ್ನೇ ಕೇಳಿ. ನೀವು ಆಡುವ ನಿಜದಿಂದಲೇ ಪಟ ತಿಳಿಯಾಗುತ್ತದೆ.