ಸೋಮವಾರದ ಊರು

ತೆರೆದಿದೆ, ಮೃಗಾಲಯದ ಗೇಟು ತೆರೆದಿದೆ, ಡ್ರೈವರ್ ಸೀಟಿನ ಹಿಂದಿನ ಸಣ್ಣ ಕಿಂಡಿಯಿಂದ ಕಂಡದ್ದು ಅಷ್ಟೇ — ಎರಡು ಕಬ್ಬಿಣದ ಬಾಗಿಲುಗಳೂ ಗೋಡೆಗೆ ಒರಗಿವೆ, ನಡುವೆ ಮಕ್ಕಳು, ಬಲೂನು, ಟಿಕೆಟ್ಟಿನ ಸಾಲು — ಹೌದಲ್ಲ, ಇವತ್ತು ಭಾನುವಾರ, ಭಾನುವಾರ ಈ ಊರು ಹೀಗಿರುತ್ತದೆಂದು ಇಷ್ಟು ವರ್ಷ ಇಲ್ಲೇ ಬಾಳಿಯೂ ನನಗೆ ಗೊತ್ತಿರಲಿಲ್ಲ, ನೋಡ್ರೀ ಎಂದು ತಿರುಗುತ್ತೇನೆ, ತಿರುಗಿದ ಮೇಲೆ ನೆನಪಾಗುತ್ತದೆ. ಇವರು ಮಲಗಿದ್ದಾರೆ, ಕೊರಳ ತನಕ ಬಿಳಿ ಬಟ್ಟೆ, ಆಸ್ಪತ್ರೆಯವರು ಮುಖವನ್ನೂ ಮುಚ್ಚಿ ಕಳಿಸಿದ್ದರು, ನಾನೇ ಸರಿಸಿದೆ, ಬೇಕರಿಯ ಭಟ್ಟಿಯ ಮುಂದೆ ಆಯುಷ್ಯವೆಲ್ಲ ಬೆಂದ ಮುಖ, ಮುಚ್ಚಿದರೆ ಸೆಕೆಯಾಗುತ್ತದೆ ಎನ್ನಿಸಿತು, ಎಂಥ ಹುಚ್ಚು ನನ್ನದು. ವ್ಯಾನು ರಸ್ತೆಯುಬ್ಬು ಹತ್ತಿ ಇಳಿಯಿತು, ಇವರ ತಲೆ ಪಕ್ಕದ ಕಂಬಿಗೆ ಬಡಿಯುವ ಮೊದಲೇ ನನ್ನ ಅಂಗೈ ಅಲ್ಲಿತ್ತು, ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಬಸ್ಸಿನಲ್ಲಿ ಪ್ರತಿ ಸೋಮವಾರ ಮಾಡಿದ ಕೆಲಸ ಅದು, ಹೋಗುವಾಗ ಕಿಟಕಿ ನಿನಗೆ, ಬರುವಾಗ ನನಗೆ ಎಂಬುದು ಇವರು ಮಾಡಿದ ಕಾನೂನು, ಬರುವಾಗ ಕಿಟಕಿ ಸಿಕ್ಕಿದ ತಕ್ಷಣ ಗಡದ್ದಾಗಿ ನಿದ್ದೆ, ಸೇತುವೆಯಿಲ್ಲ, ನದಿಯಿಲ್ಲ, ದೀಪವಿಲ್ಲ, ತಲೆ ಕಿಟಕಿಯ ಕಂಬಿಗೆ ಟಕ್ ಟಕ್, ನಡುವೆ ನನ್ನ ಅಂಗೈ. ನೋಡೋಕಲ್ಲದಿದ್ರೆ ಕಿಟಕಿ ಯಾಕ್ರೀ ನಿಮಗೆ ಎಂದರೆ, ನೀನು ನೋಡ್ತೀಯಲ್ಲ, ಮನೆಗೆ ಹೋಗಿ ಹೇಳು, ಸ್ಟಾಪ್ ಬಂದಾಗ ಎಬ್ಬಿಸು, ಅಲ್ಲೀವರೆಗೆ ಮಾತಾಡಿಸಬೇಡ.

ಬೇಕರಿಗೆ ಭಾನುವಾರವೇ ದೊಡ್ಡ ವ್ಯಾಪಾರ, ಇವರಿಗೆ ರಜೆ ಸೋಮವಾರ, ಅದೇ ಸೋಮವಾರ ಮ್ಯೂಸಿಯಮ್ಮಿಗೂ ರಜೆ, ಊರು ನೋಡಲು ಹತ್ತುವ ಗೋಪುರಕ್ಕೂ ರಜೆ, ಹುಲಿ ಕರಡಿಗಳಿಗೂ ರಜೆ. ಮದುವೆಯಾದ ಹೊಸತರಲ್ಲಿ ಇದೇ ಗೇಟಿಗೆ ಕರೆತಂದರು, ಬೀಗ ನೋಡಿ ನಾನು ಮುಖ ಊದಿಸಿಕೊಂಡೆ, ಊರೆಲ್ಲ ತೋರಿಸ್ತೀನಿ ಅಂತ ಕರ್ಕೊಂಡು ಬಂದು ಬೀಗ ತೋರಿಸ್ತಿದ್ದೀರಲ್ಲ, ಬೇರೆ ಯಾರಾದರೂ ಪೆಚ್ಚಾಗುತ್ತಿದ್ದರು, ಇವರು ಬಾ ಇಲ್ಲಿ ಎಂದು ಹಿಂದಿನ ಗೋಡೆಯ ಹತ್ತಿರ ಒಯ್ದು, ಕಿವಿ ಇಡು ಎಂದರು, ಇಟ್ಟೆ, ಆಚೆ ಏನೋ ಕೆಮ್ಮಿತು, ಸಿಂಹ ಎಂದರು, ಕಾವಲುಗಾರ ಇರ್ಬೇಕು ಎಂದೆ, ಆ ಜಗಳ ಇವತ್ತಿಗೂ ಇತ್ಯರ್ಥವಾಗಿಲ್ಲ. ಆಮೇಲೆ ಅದೇ ನಮ್ಮ ಊರಾಯಿತು, ಬಾಗಿಲು ಹಾಕಿದ ಊರು, ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಕೂತು ಅಡಿ ಸೀದ ಬನ್ನು ತಿನ್ನುವುದು, ಒಳಗೆ ಏನೇನಿರಬಹುದೆಂದು ಸುಳ್ಳು ಹೇಳಿಕೊಂಡು ನಗುವುದು, ಗೋಪುರದ ಬುಡದಲ್ಲಿ ಕುತ್ತಿಗೆ ನೋಯುವ ತನಕ ಮೇಲೆ ನೋಡುವುದು, ಮೇಲಿಂದ ನೋಡಿದ್ರೆ ನಮ್ಮನೆ ತಾರಸಿ ಕಾಣುತ್ತೆ, ನೀನು ಒಣಗಿಸೋ ಆ ಕೆಂಪು ರಗ್ಗೂ ಕಾಣುತ್ತೆ — ನೀವು ಹತ್ತಿ ನೋಡಿದ್ದೀರಾ — ಹತ್ತಬೇಕಾ, ಲೆಕ್ಕ ಹಾಕಿದ್ರೆ ಗೊತ್ತಾಗಲ್ವಾ. ಒಂದು ಭಾನುವಾರ ರಜೆ ಕೇಳ್ರೀ ಎಂದು ನಾನು ಪೀಡಿಸಿದ್ದು ಒಂದೆರಡು ಸಲವಲ್ಲ, ಕೊನೆಗೂ ಹೋದ ವಾರ ಕೇಳಿ ಬಂದರು, ಬರುವ ತಿಂಗಳು ತಗೋ ಎಂದರಂತೆ ಮಾಲೀಕರು, ಆ ದಿನಕ್ಕೆಂದು ಇವರು ಅಂಗಿ ಕೂಡ ಆರಿಸಿಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮೊನ್ನೆ ಭಟ್ಟಿಯ ಮುಂದೆಯೇ ಕುಸಿದರು, ಈಗ ಕೇಳದೆಯೇ ಸಿಕ್ಕಿದೆ ಭಾನುವಾರದ ರಜೆ.

ಮೇಲ್ಸೇತುವೆ ಮೇಲೆ ಹೋದ್ರೆ ಬೇಗ ಅಮ್ಮಾ ಎಂದಿದ್ದ ಡ್ರೈವರ್, ಬೇಡಪ್ಪ, ಬಸ್ಸು ಹೋಗೋ ದಾರೀಲೇ ಹೋಗು ಎಂದೆ, ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಕೆಳಗಿನ ರಸ್ತೆಗೆ ತಿರುಗಿಸಿದ. ಫೋನು, ಮತ್ತೆ ಮೈದುನ, ಅತ್ತಿಗೆ ಎಲ್ಲಿದ್ದೀರಿ, ಇಷ್ಟೊತ್ತಿಗೆ ಬರ್ಬೇಕಿತ್ತಲ್ಲ, ಎಲ್ರೂ ಬಂದಾಯ್ತು — ಟ್ರಾಫಿಕ್ಕಪ್ಪ, ಬರ್ತಿದ್ದೀವಿ. ಬರ್ತಿದ್ದೀವಿ ಎಂದೆ, ಇಬ್ಬರನ್ನೂ ಸೇರಿಸಿಯೇ ಬಂತು ಮಾತು. ರಸ್ತೆ ಖಾಲಿ ಹೊಡೆಯುತ್ತಿದೆ, ಸುಳ್ಳು ಹೇಳಿದೆ, ಹೇಳದೆ ಏನು ಮಾಡಲಿ, ಮನೆ ಮುಟ್ಟಿದರೆ ಇವರನ್ನು ಎಬ್ಬಿಸುವ ಕೆಲಸ ನನ್ನದು, ಸ್ಟಾಪ್ ಬರುವ ತನಕ ಇದು ನಿದ್ದೆಯೇ, ಯಾವ ಡಾಕ್ಟರು ಏನೇ ಹೇಳಲಿ, ದಾರಿಯಲ್ಲಿ ಇವರು ಯಾವತ್ತು ಎದ್ದಿದ್ದರು. ಮತ್ತೊಂದು ಉಬ್ಬು, ಮತ್ತೆ ಅಂಗೈ, ಬೆರಳ ಗೆಣ್ಣು ಕಂಬಿಗೆ ತಾಗಿ ನೋಯುತ್ತಿದೆ, ತಲೆ ಎಂದಿನಷ್ಟೇ ಭಾರ, ತಣ್ಣಗಿದೆ ಅಷ್ಟೇ. ಗೋಪುರ ಬಂತು, ಬಾಗಿಲು ತೆರೆದಿದೆ, ತುದಿಯಲ್ಲಿ ಇರುವೆಗಳಂತೆ ಜನ, ಯಾರೋ ಕೈ ಬೀಸುತ್ತಿದ್ದಾರೆ, ಒಂದು ನಿಮಿಷ ನಿಲ್ಲಿಸ್ತೀಯೇನಪ್ಪ — ಇಲ್ಲಿ ನಿಲ್ಲಿಸೋಕೆ ಬಿಡಲ್ಲ ಅಮ್ಮಾ, ಬೇಕಾದ್ರೆ ಒಂದು ಸುತ್ತು ಹೊಡೀತೀನಿ, ಹೊಡೆದ, ಕೇಳದೆ ಇನ್ನೊಂದೂ ಹೊಡೆದ, ಯಾವ ತಾಯಿ ಹೆತ್ತ ಮಗನೋ. ಬಿಡಿ ಅತ್ತಿಗೆ, ಮುಂದೆ ಯಾವತ್ತಾದ್ರೂ ನಾನು ಕರ್ಕೊಂಡು ಹೋಗ್ತೀನಿ ಎಂದಾನು ಮೈದುನ, ಒಳ್ಳೆಯವನು, ನಾನು ಹೋಗುವುದಿಲ್ಲ, ಹತ್ತಿದರೆ ನಮ್ಮ ತಾರಸಿ ಕಾಣುವುದಿಲ್ಲವೆಂದು ತಿಳಿದುಬಿಡುತ್ತದೆ, ಆ ಗೇಟಿನೊಳಗೆ ಹೋದರೆ ಕೆಮ್ಮಿದ್ದು ಯಾರೆಂದು ತಿಳಿದುಬಿಡುತ್ತದೆ, ಗೆದ್ದೆನೆಂದು ಯಾರಿಗೆ ಹೇಳಲಿ, ಸೋತೆನೆಂದಾದರೂ ಯಾರಿಗೆ.

ಸೇತುವೆ ದಾಟಿತು, ನದಿಯಲ್ಲಿ ನೀರು ಮೇಲೆ ಬಂದಿದೆ, ಹೇಳಬೇಕು ಇವರಿಗೆ, ದೋಣಿಗೆ ಹೊಸದಾಗಿ ನೀಲಿ ಬಣ್ಣ ಹೊಡೆದಿದ್ದಾರೆ, ಅದನ್ನೂ, ಮನೆಗೆ ಹೋಗಿ ಕೈಕಾಲು ತೊಳೆದ ಮೇಲೆ — ಔಷಧಿ ಅಂಗಡಿ, ಶಾಲೆಯ ಗೋಡೆ, ನಮ್ಮ ಸ್ಟಾಪು, ಒಂದು ಸ್ಟಾಪು ಮೊದಲೇ ತೋಳು ತಟ್ಟುತ್ತಿದ್ದೆ, ಏಳಿ, ಬಂತು ಎಂದು, ಇವತ್ತು ಯಾಕೋ ತಟ್ಟಲಿಲ್ಲ, ವ್ಯಾನು ಸ್ಟಾಪು ದಾಟಿ ನಮ್ಮ ಬೀದಿಗೇ ತಿರುಗಿತು, ಬಸ್ಸು ಯಾವತ್ತೂ ಬರದ ಬೀದಿ, ಬಾಗಿಲಲ್ಲಿ ಬಾಡಿಗೆ ಕುರ್ಚಿಗಳು, ಜನ ಎದ್ದು ನಿಂತರು, ಹಿಂದಿನ ಬಾಗಿಲು ತೆರೆಯಿತು, ಬೆಳಕು, ಮೈದುನನ ಅತ್ತು ಕೆಂಪಾದ ಕಣ್ಣು, ಅತ್ತಿಗೆ, ಇಳೀರಿ — ಏಳಿ ಎನ್ನಬೇಕು ನಾನು, ಬಂತು ಎನ್ನಬೇಕು, ಎಂದರೆ ಇವರು ಏಳುವುದಿಲ್ಲ, ಎನ್ನದಿದ್ದರೆ ಇನ್ನೂ ಮಲಗಿದ್ದಾರೆ — ಅತ್ತಿಗೆ, ಕೈ ತೆಗೀರಿ, ಅಣ್ಣನ್ನ ಇಳಿಸ್ಬೇಕು — ವ್ಯಾನು ನಿಂತಿದೆ, ಉಬ್ಬಿಲ್ಲ, ಕುಲುಕಾಟವಿಲ್ಲ, ತಲೆಗೂ ಕಂಬಿಗೂ ನಡುವೆ ನನ್ನ ಅಂಗೈ, ಕಂಬಿಗೂ ತಲೆಗೂ ನಡುವೆ ಅಂಗೈ, ಅಂಗೈ