ಮುಡಿಪಿಗೆ ಬಿದ್ದ ಟೋಕನ್

ನಾನು ಒಂದು ಮೆಟ್ರೋ ಟೋಕನ್. ಬೆಂಗಳೂರಿನ ನೆಲದಡಿಯ ಸುರಂಗವನ್ನು ಕೊರೆದವನು ನಾನೇ. ಒಬ್ಬನೇ. ಊಟಕ್ಕೂ ಏಳದೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಸಂಜೆ ಮೈಮೇಲಿನ ಮಣ್ಣು ಕೊಡವಿಕೊಂಡಾಗ ಊರಾಚೆ ಒಂದು ಗುಡ್ಡವೇ ಎದ್ದಿತು. ಯಾವ ಗುಡ್ಡ ಅಂತ ಕೇಳಬೇಡಿ, ನನಗೆ ಹೇಳಿಕೊಳ್ಳುವ ಚಟ ಇಲ್ಲ.

ನೋಡಲು ಅಂಗಿಯ ದೊಡ್ಡ ಗುಂಡಿಯಂತಿದ್ದೇನೆ, ಒಪ್ಪಿದೆ. ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ. ಹೊಟ್ಟೆಯೊಳಗೆ ಕೂದಲಿನಷ್ಟು ತೆಳ್ಳಗಿನ ತಂತಿಯ ಸುರುಳಿ. ಕಾರ್ಖಾನೆಯ ಅಚ್ಚಿನಿಂದ ನಾನು ಬಿಸಿಬಿಸಿಯಾಗಿ ಬಿದ್ದ ದಿನ ಅಲ್ಲಿನ ಯಂತ್ರಗಳೆಲ್ಲ ಗೌರವದಿಂದ ಒಂದು ನಿಮಿಷ ಸುಮ್ಮನೆ ನಿಂತವು. ಕರೆಂಟು ಹೋಗಿತ್ತು ಅಂತ ಜೊತೆಯಲ್ಲಿ ಹುಟ್ಟಿದವರು ಹೇಳುತ್ತಾರೆ. ಹೊಟ್ಟೆಕಿಚ್ಚು, ಮತ್ತೇನಲ್ಲ.

ನಮ್ಮ ಕೆಲಸ ಸುಲಭ. ಪ್ರಯಾಣಿಕ ದುಡ್ಡು ಕೊಟ್ಟು ನಮ್ಮನ್ನು ಕೊಳ್ಳುತ್ತಾನೆ. ಒಳಗೆ ಹೋಗುವಾಗ ಗೇಟಿನ ನೆತ್ತಿಗೆ ಮುಟ್ಟಿಸುತ್ತಾನೆ, ಬಾಗಿಲು ತೆರೆಯುತ್ತದೆ. ಇಳಿದು ಹೊರಗೆ ಹೋಗುವಾಗ ಗೇಟಿನ ಒಂದು ಸೀಳಿನೊಳಗೆ ನಮ್ಮನ್ನು ಹಾಕುತ್ತಾನೆ, ಬಾಗಿಲು ಮತ್ತೆ ತೆರೆಯುತ್ತದೆ. ನಾವು ಕತ್ತಲೆಯೊಳಗೆ ಬೀಳುತ್ತೇವೆ. ಕೌಂಟರಿನ ಪೆಟ್ಟಿಗೆಯಲ್ಲಿ ಅಂಚು ಸವೆದ ಒಂದು ಹಳೆಯ ಟೋಕನ್ ನನ್ನ ಪಕ್ಕದಲ್ಲೇ ಇತ್ತು. ಅದು ಆ ಸೀಳಿನ ಬಗ್ಗೆ ಮೆಲ್ಲನೆ ಹೇಳುತ್ತಿತ್ತು: "ಬಿದ್ದವರೆಲ್ಲ ವಾಪಸ್ ಬರ್ತಾರೆ ಅನ್ಕೋಬೇಡ. ಕೆಲವರು ಅಲ್ಲೇ ಸಿಕ್ಕಿಕೊಳ್ತಾರೆ. ಎರಡು ತುಂಡಾದವರನ್ನೂ ನಾನು ನೋಡಿದ್ದೀನಿ."

ಹೊಸಬರು ಕೇಳಿ ಹೆದರಿದರು. ನಾನು ಹೆದರಲಿಲ್ಲ. ಹತ್ತು ಲಕ್ಷ ಬಾಗಿಲು ತೆರೆದವನು ನಾನು, ಒಂದು ಸೀಳಿಗೆ ಹೆದರುತ್ತೇನೆಯೇ? ಆ ವಿಷಯ ಇಲ್ಲಿಗೇ ಬಿಡಿ.

ಒಂದು ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಕೌಂಟರಿನ ಮುಂದೆ ನಾಲ್ಕು ಜನರ ಒಂದು ಸಂಸಾರ ಬಂದು ನಿಂತಿತು. ಮುಂಡರಗಿಯಿಂದ ರಾತ್ರಿ ಹೊರಟು, ರೈಲಿನಲ್ಲಿ ಸರಿಯಾಗಿ ನಿದ್ದೆಯಿಲ್ಲದೆ ಬಂದವರು. ಮುಂದೆ ನಿಂತವನು ಶೇಖಪ್ಪ. ಅವನ ಹಿಂದೆ ಹೆಂಡತಿ ಗಿರಿಜವ್ವ. ಅವಳ ಕೈ ಹಿಡಿದು ಹನ್ನೆರಡು ವರ್ಷದ ಮಗಳು ಚೈತ್ರಾ. ಎಲ್ಲರ ಹಿಂದೆ, ಗೋಡೆಗೆ ಅಂಟಿಕೊಂಡಂತೆ, ಶೇಖಪ್ಪನ ತಾಯಿ ಫಕೀರವ್ವ. ಚೈತ್ರಾ ಅವಳನ್ನು ಆಯಿ ಅನ್ನುತ್ತಿದ್ದಳು.

ಚೈತ್ರಾ ಕುಸ್ತಿಯ ಹುಡುಗಿ. ಅವತ್ತು ಹತ್ತು ಗಂಟೆಯೊಳಗೆ ಮೈದಾನದಲ್ಲಿ ತಕ್ಕಡಿಯ ಮೇಲೆ ನಿಂತು ತೂಕ ಬರೆಸಬೇಕು. ಬರೆಸಿದವರಿಗೆ ಮಾತ್ರ ಕ್ರೀಡಾ ಶಾಲೆಯ ಆಯ್ಕೆಯ ಕುಸ್ತಿ. ತೂಕ ಮೂವತ್ತಾರು ಕಿಲೋ ದಾಟಬಾರದೆಂದು ಹುಡುಗಿ ಹಿಂದಿನ ಸಂಜೆಯಿಂದ ನೀರು ಕುಡಿದಿರಲಿಲ್ಲ. ತುಟಿ ಒಣಗಿ ಬಿಳಿಚಿಕೊಂಡಿತ್ತು.

"ಮೂರು ಫುಲ್, ಒಂದು ಹಾಫ್ ಕೊಡ್ರಿ," ಅಂದ ಶೇಖಪ್ಪ.

"ಹಾಫ್ ಇಲ್ಲ ಸಾರ್. ಎಲ್ಲಾರಿಗೂ ಒಂದೇ."

"ಹಂಗಾರ ನಾಲ್ಕೂ ಒಂದ ಚೀಟ್ಯಾಗ ಹಾಕಿ ಕೊಡ್ರಿ. ನಾ ಇಟ್ಕೊಂತೀನಿ."

ಅವರ ಊರಿನ ಬಸ್ಸಿನಲ್ಲಿ ಹಾಗೆಯೇ. ಎಲ್ಲರ ಟಿಕೇಟೂ ಮನೆಯ ಗಂಡಸಿನ ಜೇಬಿನಲ್ಲಿ. ಕಂಡಕ್ಟರ್ ಬಂದರೆ ಅವನು ಕೈಯಾಡಿಸಿ "ನಾವು ನಾಲ್ಕು ಮಂದಿ" ಅಂದರೆ ಮುಗಿಯಿತು. ಇಲ್ಲಿ ಹಾಗಲ್ಲ. ಕೌಂಟರಿನವರು ನಮ್ಮನ್ನು ನಾಲ್ವರನ್ನು ಕಿಟಕಿಯ ಕೆಳಗಿನಿಂದ ತಳ್ಳಿದರು. ಶೇಖಪ್ಪ ಪ್ರಸಾದ ಹಂಚಿದಂತೆ ಒಬ್ಬೊಬ್ಬರ ಅಂಗೈಗೆ ಒಂದೊಂದು ಇಟ್ಟ. ನಾನು ಫಕೀರವ್ವನ ಪಾಲಿಗೆ ಬಂದೆ.

"ಚೀಟಿ ಎಲ್ಲೈತೋ?" ಅಂದಳು ಅವಳು.

"ಇದ ಚೀಟಿ ಬೇ. ಗಟ್ಟಿ ಹಿಡ್ಕೊ. ಇದನ್ನ ಕಳಕೊಂಡ್ರ ಒಳಗ ಕುಂಡ್ರಬೇಕಾಕ್ಕತಿ, ಹೊರಗ ಬಿಡೂದಿಲ್ಲ."

ಹೆದರಿಸಬೇಕೆಂದು ಅವನು ಅಂದದ್ದಲ್ಲ. ಅವನೇ ಹೆದರಿದ್ದ. ಆದರೆ ಆ ಮಾತು ಮುದುಕಿಯ ಎದೆಯಲ್ಲಿ ಕೂತುಬಿಟ್ಟಿತು. ತನ್ನ ಪ್ರಯಾಣದ ಚೀಟಿಯನ್ನು ತಾನೇ ಹಿಡಿದುಕೊಂಡದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಒಳಗೆ ಹೋಗುವ ಗೇಟಿನಲ್ಲಿ ಅವಳು ನನ್ನನ್ನು ಮುಟ್ಟಿಸಿದಳು. ನಾನು ಒಂದು ಹೂಂಕಾರ ಹಾಕಿದೆ. ಬೆಂಗಳೂರಿನ ಅಷ್ಟೂ ಗೇಟುಗಳು ಒಟ್ಟಿಗೆ ತೆರೆದುಕೊಂಡವು. ಅವಳು ಕಣ್ಣು ಮುಚ್ಚಿಕೊಂಡು ದಾಟಿದಳು.

ಆಮೇಲೆ ಕೆಳಕ್ಕೆ ಇಳಿಯುವುದು. ಒಂದು ಮೆಟ್ಟಿಲ ಸಾಲು, ಇನ್ನೊಂದು ಸಾಲು, ಮತ್ತೊಂದು.

"ಇನ್ನೂ ಎಷ್ಟ್ ಕೆಳಗ ಹೋಗೂದು?" ಫಕೀರವ್ವ ಕೇಳಿದಳು.

"ಇಲ್ಲೇ ಬಂತು ಅತ್ತಿ," ಅಂದಳು ಗಿರಿಜವ್ವ. ಅವಳಿಗೂ ಗೊತ್ತಿರಲಿಲ್ಲ.

ರೈಲು ಬಂತು, ಹತ್ತಿದರು, ಬಾಗಿಲು ಮುಚ್ಚಿತು. ಕಿಟಕಿಯಾಚೆ ಬೆಳಕು ಸರಿದು ಕತ್ತಲೆ ತುಂಬಿಕೊಂಡಿತು. ಫಕೀರವ್ವನ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಯಾರಾದರೂ ಸತ್ತರೆ "ಮಣ್ಣಿಗೆ ಹೋಗಿ ಬಂದೆ" ಅನ್ನುವುದೇ ಅವರ ಮಾತು. ಗಂಡನನ್ನು ಹಾಗೆ ಮಣ್ಣಿಗಿಟ್ಟು ಒಂಬತ್ತು ವರ್ಷವಾಗಿತ್ತು. ಈಗ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಜೀವಂತವಾಗಿ ಮಣ್ಣಿನೊಳಗೆ ಓಡುತ್ತಿದ್ದಾರೆ.

"ಲೇ ಶೇಖಾ, ನಮ್ಮ ಮ್ಯಾಲೆ ಈಗ ಏನೈತಿ?"

"ರಸ್ತೆ ಐತಿ ಬೇ. ಬಸ್ಸು, ಲಾರಿ ಓಡಾಡ್ತಾವು."

ಹೇಳಬಾರದಿತ್ತು. ಅವಳು ತಲೆಯೆತ್ತಿ ಚಾವಣಿ ನೋಡಿದಳು, ಮತ್ತೆ ನೋಡಲಿಲ್ಲ. ನನ್ನನ್ನು ಹಿಡಿದ ಅವಳ ಮುಷ್ಟಿ ಗಡಗಡ ನಡುಗಿತು. ಪಾಪ, ನಾನೇ ಧೈರ್ಯ ತುಂಬಿದೆ. ಆದರೂ ಅವಳು ತುಟಿ ಅಲ್ಲಾಡಿಸುತ್ತ ಮನೆದೇವರು ವೀರಭದ್ರನನ್ನು ಕರೆಯತೊಡಗಿದಳು: "ಈ ಮಣ್ಣಾಗಿಂದ ನಮ್ಮನ್ನ ಮ್ಯಾಲೆ ತಗಿ ನಮ್ಮಪ್ಪ. ಕೂಸನ್ನ ಹೊತ್ತಿಗೆ ಸರ್ಯಾಗಿ ತಕ್ಕಡಿಗೆ ಮುಟ್ಟಿಸು. ನಿನಗ ಮುಡಿಪು ಕಟ್ತೀನಿ."

ಮುಡಿಪು ಕಟ್ಟಬೇಕಾದರೆ ಆ ಗಳಿಗೆಯಲ್ಲಿ ಕೈಯಲ್ಲಿ ಇದ್ದದ್ದನ್ನೇ ಕಟ್ಟಬೇಕು. ಇನ್ನೊಬ್ಬರ ಹತ್ತಿರ ಕೇಳಿ ಪಡೆಯುವಂತಿಲ್ಲ. ರೊಕ್ಕವೆಲ್ಲ ಮಗನ ಜೇಬಿನಲ್ಲಿ. ಅವಳ ಕೈಯಲ್ಲಿ ಇದ್ದವನು ನಾನು. ಎಲೆ ಅಡಿಕೆಯ ಸಂಚಿಯಿಂದ ಅರಿಶಿನ ಹತ್ತಿದ ಒಂದು ಬಟ್ಟೆಯ ಚೂರು ತೆಗೆದಳು. ನನ್ನನ್ನು ಅದರಲ್ಲಿಟ್ಟು ಒಂದು, ಎರಡು, ಮೂರು ಗಂಟು ಬಿಗಿದಳು. ಸೀರೆಯ ನೆರಿಗೆಯ ಪಕ್ಕ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರೂ ನೋಡಲಿಲ್ಲ.

ಒಂಬತ್ತೂ ಇಪ್ಪತ್ತಕ್ಕೆ ಇಳಿದು ಮೇಲೆ ಬಂದರು. ಹೊರಗೆ ಹೋಗುವ ಗೇಟಿನ ಸೀಳಿಗೆ ಚೈತ್ರಾ ತನ್ನ ಟೋಕನ್ ಹಾಕಿ ದಾಟಿದಳು. ಗಿರಿಜವ್ವ ದಾಟಿದಳು. ಶೇಖಪ್ಪ ದಾಟಿ ತಿರುಗಿ ನೋಡಿದ. ತಾಯಿ ಗೇಟಿನ ಒಳಗಡೆಯೇ ನಿಂತಿದ್ದಳು.

"ಟೋಕನ್ ಹಾಕ ಬೇ."

ಆಗ ಅವಳಿಗೆ ಅರ್ಥವಾಯಿತು. ಕಳೆಯದೆ ಮೈಮೇಲೆ ಇಟ್ಟುಕೊಂಡರೆ ಸಾಕು, ಹೊರಗೆ ಬಿಡುತ್ತಾರೆ ಅಂದುಕೊಂಡಿದ್ದಳು. ಅವಳ ಕೈ ಸೊಂಟದ ಮೇಲೆ ಹೋಯಿತು, ಅಲ್ಲೇ ನಿಂತಿತು. ಮುಡಿಪಿನ ಗಂಟನ್ನು ದೇವರ ಮುಂದಲ್ಲದೆ ಬೇರೆಲ್ಲೂ ಬಿಚ್ಚುವಂತಿಲ್ಲ. ಅದೂ ಮೊಮ್ಮಗಳ ಹೆಸರಿನಲ್ಲಿ ಕಟ್ಟಿದ್ದು!

"ಎಲ್ಲೋ ಬಿತ್ತಪಾ," ಅಂದಳು.

ಶೇಖಪ್ಪನ ಮುಖದ ಬಣ್ಣ ಹೋಯಿತು. "ಗಟ್ಟಿ ಹಿಡ್ಕೊ ಅಂತ ಬಾಯಿ ಬಿಟ್ಟು ಹೇಳಿದ್ನೆಲ್ಲ! ಎಲ್ಲಿ ಬಿತ್ತು? ಗಾಡ್ಯಾಗ? ಮೆಟ್ಲಾಗ?"

"ನೆಪ್ಪಿಲ್ಲಪಾ."

ಕಾವಲಿನವನು ನೆಲವೆಲ್ಲ ಹುಡುಕಿದ. ಒಂಬತ್ತೂ ಮೂವತ್ತು. ಶೇಖಪ್ಪ ಮೈದಾನದ ವಿಳಾಸದ ಚೀಟಿಯನ್ನು ಹೆಂಡತಿಯ ಕೈಗೆ ತುರುಕಿದ. "ನೀವಿಬ್ರೂ ನಡೀರಿ. ನಾ ಅವ್ವನ್ನ ಕರಕೊಂಡು ಬರ್ತೀನಿ."

ಚೈತ್ರಾ ಗೇಟಿನ ಪಕ್ಕದ ಕಂಬಿ ಹಿಡಿದು ನೆಲದ ಮೇಲೆ ಕೂತುಬಿಟ್ಟಳು. "ಆಯಿನ್ನ ಒಳಗ ಬಿಟ್ಟು ನಾ ಹೋಗಂಗಿಲ್ಲ."

"ಏಳು ಹುಚ್ಚಿ, ಹೊತ್ತಾತು!" ಗಿರಿಜವ್ವ ರಟ್ಟೆ ಹಿಡಿದು ಎಳೆದಳು. ಕುಸ್ತಿಯವಳು ಪಟ್ಟು ಹಾಕಿ ಕೂತರೆ ಎಬ್ಬಿಸುವವರು ಯಾರು? ಅವಳ ತುಟಿ ಒಡೆದು ಒಂದು ಹನಿ ರಕ್ತ ಬಂದಿತ್ತು.

ನಿಲ್ದಾಣದ ಅಧಿಕಾರಿ ಬಂದರು. ಎದೆಯ ಮೇಲೆ ಜಯಶೀಲಾ ಎಂದು ಹೆಸರಿನ ಪಟ್ಟಿ. ಫಕೀರವ್ವ ಹುಟ್ಟಿದಾಗಿನಿಂದ ಸಮವಸ್ತ್ರ ಕಂಡರೆ ದೂರ ಸರಿದವಳು; ಈಗ ಸರಿಯಲು ಜಾಗವಿರಲಿಲ್ಲ.

"ಕಳೆದಿದ್ರೆ ಕಟ್ಟೋ ದುಡ್ಡು ಕಟ್ಟಿ ಹೋಗ್ಬಹುದು, ಹೆದರ್ಬೇಡಿ," ಅಂದರು ಜಯಶೀಲಾ. ಆಮೇಲೆ ಅವರ ಕಣ್ಣು ಮುದುಕಿಯ ಕೈಯಿದ್ದ ಜಾಗಕ್ಕೆ ಹೋಯಿತು. "ಅಜ್ಜೀ, ನಿಜವಾಗ್ಲೂ ಬಿತ್ತಾ?"

ಫಕೀರವ್ವ ಅಧಿಕಾರಿಯನ್ನು ನೋಡಿದಳು. ಗಾಜಿನ ಬಾಗಿಲಾಚೆ ಕೂತ ಮೊಮ್ಮಗಳ ತುಟಿ ನೋಡಿದಳು.

"ಸುಳ್ಳು ಹೇಳಿದ್ನಿ ಯವ್ವಾ. ಇಲ್ಲೇ ಐತಿ. ದೇವರಿಗೆ ಮುಡಿಪು ಕಟ್ಟೇನಿ."

ಶೇಖಪ್ಪ ಹಣೆ ಬಡಿದುಕೊಂಡ. "ಟೋಕನ್ನಾ? ಟೋಕನ್ ಯಾರರ ಮುಡಿಪು ಕಟ್ತಾರೇನ ಬೇ!"

"ಬಿಚ್ಚಿ ಹಾಕಿಬಿಡಿ ಅಜ್ಜಿ, ಒಂದು ನಿಮಿಷದ ಕೆಲಸ," ಅಂದರು ಜಯಶೀಲಾ.

"ಬಿಚ್ಚಿದ್ರ ಕೂಸಿನ ಮ್ಯಾಲೆ ಬರ್ತೈತಿ." ಫಕೀರವ್ವ ಎರಡೂ ಕೈಯಿಂದ ಗಂಟು ಮುಚ್ಚಿಕೊಂಡಳು. "ಅವ್ರನ್ನ ಕಳಿಸ್ರಿ. ನನ್ನ ಇಲ್ಲೇ ಇಟ್ಕೊರಿ. ಸಂಜೀತನಾ ಇಟ್ಕೊಂಡ್ರೂ ನಡೀತೈತಿ."

ಒಂಬತ್ತೂ ನಲವತ್ತು. ಆಗ ನೋಡಿ ನಾನು ಎದ್ದೆ! ಮೂರು ಗಂಟಿನೊಳಗಿಂದಲೇ ಒಂದು ಗರ್ಜನೆ ಹಾಕಿದೆ. ಬಟ್ಟೆ ಬಿಚ್ಚಲಿಲ್ಲ, ಸೀಳಿಗೆ ಬೀಳಲಿಲ್ಲ. ನನ್ನ ದನಿಗೇ ಗೇಟು ಥರಥರ ನಡುಗಿ ಎರಡೂ ರೆಕ್ಕೆ ಬಿಚ್ಚಿ ತಲೆಬಾಗಿತು. ಫಕೀರವ್ವ ರಾಣಿಯಂತೆ ಹೊರಗೆ ನಡೆದಳು. ಜಯಶೀಲಾ ಸೆಲ್ಯೂಟ್ ಹೊಡೆದರು. ನನಗೇ.

ಆಮೇಲೆ ಓಟ. ಫಕೀರವ್ವ ಎಡಗೈಯಲ್ಲಿ ನೆರಿಗೆ, ಬಲಗೈಯಲ್ಲಿ ನನ್ನನ್ನು ಹಿಡಿದು ಓಡಿದಳು. ಹತ್ತಕ್ಕೆ ನಾಲ್ಕು ನಿಮಿಷವಿರುವಾಗ ಚೈತ್ರಾ ತಕ್ಕಡಿ ಹತ್ತಿದಳು. ಮೂವತ್ತೈದು ಕಿಲೋ ಒಂಬೈನೂರು ಗ್ರಾಂ. ಇಳಿದವಳೇ ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದಳು. ಮೂರು ಕುಸ್ತಿ ಗೆದ್ದು ಒಂದು ಸೋತಳು. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರು ಕೊನೆಯದು, ಆದರೆ ಇತ್ತು.

ಹೀಗೆ ನಾನು ಮುಂಡರಗಿಗೆ ಬಂದೆ. ವೀರಭದ್ರನ ಮುಂದೆ ಗಂಟು ಬಿಚ್ಚಿ, ನೀರೆರೆದು, ವಿಭೂತಿ ಹಚ್ಚಿ, ಮನೆಯೊಳಗಿನ ದೇವರ ಜಗಲಿಯ ಮೇಲೆ ನನ್ನನ್ನು ಕೂರಿಸಿದರು. ಈ ಕಡೆ ಗಂಟೆ, ಆ ಕಡೆ ಹಳೆಯ ಎರಡು ಬೆಳ್ಳಿ ರೂಪಾಯಿ. ಹೊಟ್ಟೆಯೊಳಗಿನ ತಂತಿ ಈಗ ಯಾವ ಬಾಗಿಲಿಗೂ ಮಾತನಾಡುವುದಿಲ್ಲ. ಮೈಮೇಲೆ ಊದುಬತ್ತಿಯ ಬೂದಿ ಬೀಳುತ್ತದೆ. ಮುದುಕನಾದೆ. ಬೆಳ್ಳಿ ರೂಪಾಯಿಗಳಿಗೆ ನನ್ನ ಪರಾಕ್ರಮವನ್ನು ದಿನಕ್ಕೆರಡು ಬಾರಿ ಹೇಳುತ್ತ ಬಂದೆ. ಅವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು.

ಮೊನ್ನೆಯವರೆಗೆ.

ಮೊನ್ನೆ ಚೈತ್ರಾ ರಜೆಗೆ ಮನೆಗೆ ಬಂದಳು. ಓಣಿಯ ಹುಡುಗಿಯರು ಜಗಲಿಯ ಮುಂದೆ ಸೇರಿದರು. ಒಬ್ಬಳು ನನ್ನ ಕಡೆ ಬೆರಳು ತೋರಿಸಿ, "ಅಕ್ಕಾ, ಬೆಂಗಳೂರಾಗ ಗೇಟ್ ತಗದಿದ್ದು ಇದನೇನ?" ಅಂದಳು.

ಚೈತ್ರಾ ಬಿದ್ದು ಬಿದ್ದು ನಕ್ಕಳು. "ಇದಾ? ಹೊರಗ ಹೋಗೂ ಗೇಟ್ ಇದು ತಗೀಲೇ ಇಲ್ಲ. ಇದರಿಂದನ ಆಯಿ ಒಳಗ ಸಿಕ್ಕೊಂಡಿದ್ಲು!"

ಬೆಳ್ಳಿ ರೂಪಾಯಿಗಳೆರಡೂ ನನ್ನ ಕಡೆ ತಿರುಗಿದವು. ಗಂಟೆ ತನಗೆ ತಾನೇ ಕಿಣಿ ಅಂದಿತು.

ಸರಿ, ಹೇಳುತ್ತೇನೆ. ನಾನು ಗರ್ಜಿಸಲಿಲ್ಲ. ಫಕೀರವ್ವನ ಮಾತು ಕೇಳಿದ ಜಯಶೀಲಾ ಶೇಖಪ್ಪನನ್ನು ಕೌಂಟರಿನ ಸಾಲಿನ ಮುಂದಕ್ಕೆ ಕರೆದುಕೊಂಡು ಹೋಗಿ, ಕಳೆದ ಟೋಕನ್ನಿಗೆ ಕಟ್ಟಬೇಕಾದದ್ದನ್ನು ಕಟ್ಟಿಸಿದರು. ಬಂದು ತಮ್ಮ ಕಾರ್ಡಿನಿಂದ ಪಕ್ಕದ ಅಗಲವಾದ ಗೇಟು ತೆರೆದರು. "ಕಳೆದುಹೋಗಿದೆ ಅಂತಾನೇ ಬರೆಸಿದೀನಿ ಅಜ್ಜಿ," ಅಂದರು. "ದೇವರ ಹತ್ರ ಹೋದದ್ದು ನಮ್ಮ ಪಾಲಿಗೆ ಕಳೆದಂಗೇ. ಓಡಿ, ಮಗು ಕಾಯ್ತಿದೆ." ಸೆಲ್ಯೂಟ್ ಹೊಡೆಯಲಿಲ್ಲ. ನನ್ನ ಮುಖವನ್ನು ಅವರು ನೋಡಲೂ ಇಲ್ಲ.

ಹತ್ತು ಲಕ್ಷ ಬಾಗಿಲೂ ಸುಳ್ಳು. ಅದು ನನ್ನ ಮೊದಲ ಪ್ರಯಾಣ. ತೆರೆದದ್ದು ಒಂದೇ ಬಾಗಿಲು, ಒಳಗೆ ಹೋಗುವುದು. ಸುರಂಗದ ವಿಷಯವನ್ನಂತೂ ನೀವೂ ನಂಬಿರಲಿಕ್ಕಿಲ್ಲ.

ಇನ್ನೊಂದು ಉಳಿದಿದೆ, ಇದನ್ನು ಬೆಳ್ಳಿಯವರಿಗೂ ಹೇಳಿಲ್ಲ. ಆ ಹಳೆಯ ಟೋಕನ್ ಹೇಳಿದ ಸೀಳು ನನ್ನ ತಲೆಯಿಂದ ಹೋಗಿರಲಿಲ್ಲ. ಜಯಶೀಲಾ "ಬಿಚ್ಚಿ" ಅಂದಾಗ, ಹುಡುಗಿಯ ತುಟಿಯ ರಕ್ತ ಕಾಣುತ್ತಿದ್ದಾಗಲೂ, ಬಿಚ್ಚಬಾರದು ದೇವರೇ ಅಂತ ಒಳಗೊಳಗೇ ಬೇಡಿಕೊಂಡವನು ನಾನು. ಮುದುಕಿಗೆ ಮೊಮ್ಮಗಳ ಭಯ. ನನಗೆ ನನ್ನ ಭಯ.

ಸುರಂಗದಲ್ಲಿ ಅವಳ ಮುಷ್ಟಿ ಗಡಗಡ ನಡುಗಿತು ಅಂದೆನಲ್ಲ. ಹೆದರಿದ್ದಳು, ನಿಜ, ಆದರೆ ಐವತ್ತು ವರ್ಷ ರೊಟ್ಟಿ ಬಡಿದ ಕೈ ಅದು, ಒಂದಿಷ್ಟೂ ಅಲ್ಲಾಡಲಿಲ್ಲ. ನಡುಗಿದವನು ನಾನು. ಅವಳಿಗೆ ಗೊತ್ತಾಗಿರಬೇಕು. ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.