ನೂರು ಸಲ

“ಮೂರು ಅಂದಾಗ ಎಲ್ಲರೂ ಒಟ್ಟಿಗೇ ಎತ್ತಬೇಕು, ಗೊತ್ತಾಯ್ತಾ?” ಎನ್ನುತ್ತಾ ಮೇಷ್ಟ್ರು ಮಂಚದ ಒಂದು ಮೂಲೆಗೆ ತಾವೇ ಕೈ ಹಾಕಿದರು. ಎಪ್ಪತ್ತಾರು ವರ್ಷದ ಕೈ. ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ವ್ಯಾನಿನ ಡ್ರೈವರ್ ಮಾತ್ರ ಸದ್ದಿಲ್ಲದೆ ಬಂದು, ಆ ಮೂಲೆಯ ಭಾರವನ್ನೆಲ್ಲ ತನ್ನ ಭುಜಕ್ಕೆ ತೆಗೆದುಕೊಂಡ. ಮೇಷ್ಟ್ರ ಬೆರಳು ಮರಕ್ಕೆ ಸುಮ್ಮನೆ ತಾಗಿಕೊಂಡಿತ್ತು. ತಾವೇ ಹೊತ್ತೆವೆಂದು ಅವರು ತಿಳಿದರು. ಹಾಗೆ ಅವರ ಹೆಂಡತಿ ಕೊನೆಯ ಸಲ ನಡುಮನೆಯಿಂದ ಜಗಲಿಗೆ ಬಂದಳು.

ಹೊರಗೆ ನೋಡಿದರೆ ಜನವೋ ಜನ. ಇಪ್ಪತ್ತು ಮೂವತ್ತು ಮಂದಿ ಬಂದಾರೆಂದು ಅವರು ಎಣಿಸಿದ್ದರು. ಈಗ ಅಂಗಳ ತುಂಬಿ, ಗೇಟು ದಾಟಿ, ಬೀದಿಯ ತಿರುವಿನವರೆಗೂ ತಲೆಗಳೇ. ಹೆಚ್ಚಿನವು ಗುರುತಿನ ಮುಖಗಳು. ಬೀದಿಯ ಕೊನೆಯ ಶಾಲೆಯಲ್ಲಿ ಮೂವತ್ತಮೂರು ವರ್ಷ ಇಂಗ್ಲಿಷ್ ಕಲಿಸಿದವರು ಅವರು. ಬಂದವರ ಕೂದಲು ನರೆತಿದ್ದರೂ ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಅನ್ನುವುದು ನೆನಪಿತ್ತು. ದುಃಖದ ನಡುವೆಯೂ ಎದೆ ಒಂದಿಷ್ಟು ಉಬ್ಬಿತು.

“ಎಲ್ಲಾ ನನ್ನ ಹುಡುಗರು. ಹೇಗೆ ಬಂದಿದಾರೆ ನೋಡು,” ಎಂದು ಮಗಳಿಗೆ ಹೇಳಿದರು. ಅಮ್ಮನ ಹಣೆಯ ಮೇಲಿನ ಕೂದಲು ಸರಿಮಾಡುತ್ತಿದ್ದ ಮಗಳು ತಲೆ ಎತ್ತಲಿಲ್ಲ.

ಅವರ ಜೇಬಿನಲ್ಲಿ ಒಂದು ಚೀಟಿ ಇತ್ತು. ಮಣ್ಣಿಗೆ ಇಳಿಸುವ ಮುಂಚೆ ಎರಡು ಮಾತಾಡಬೇಕೆಂದು ಬೆಳಿಗ್ಗೆ ಎದ್ದು ಬರೆದುಕೊಂಡದ್ದು. ನಾಲ್ಕೇ ಸಾಲು. ಈಕೆಗೆ ಇಂಗ್ಲಿಷಿನ ಒಂದಕ್ಷರ ಗೊತ್ತಿರಲಿಲ್ಲ. ಆದರೂ ನಾನು ತಿದ್ದಿ ತೀಡಿದ ಒಂದೊಂದು ಮಗುವಿನಲ್ಲೂ ಇವಳ ಮೌನದ ಪಾಲಿದೆ. ಬಹಳ ಉದಾರವಾದ ಮಾತು ಎಂದೇ ಅವರಿಗೆ ಅನ್ನಿಸಿತ್ತು.

ಆದರೆ ಒಂದು ವಿಚಿತ್ರ. ಬಂದವರು ಅವರಿಗೆ ಕೈಮುಗಿದು ಮುಂದೆ ಹೋಗಿಬಿಡುತ್ತಿದ್ದರು. ನಿಲ್ಲುತ್ತಿದ್ದದ್ದು ಮಂಚದ ಬಳಿ. ಅಲ್ಲಿ ನಿಂತವರು ಬೇಗ ಕದಲುತ್ತಿರಲಿಲ್ಲ. ಪಾಠ ಒಪ್ಪಿಸದೆ ಸಿಕ್ಕಿಬಿದ್ದಾಗ ಕೂಡ ಅಳದಿದ್ದ ಗಟ್ಟಿ ಹುಡುಗರು ಅವಳ ಪಾದ ಹಿಡಿದು ಬಿಕ್ಕುತ್ತಿದ್ದರು. ಇವರಿಗೆಲ್ಲ ಅವಳು ಹೇಗೆ ಇಷ್ಟು ಗೊತ್ತು?

ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಹಿತ್ತಿಲ ಮೆಟ್ಟಿಲಿನಿಂದ ಮಾತು ಕೇಳಿಸಿತು.

“ನಿಂಗೆ ಎಷ್ಟು ಬರ್ದುಕೊಟ್ಟಿದ್ರು?” ಎಂದು ಡ್ರೈವರ್ ಕೇಳುತ್ತಿದ್ದ.

“ಏಳನೇ ಕ್ಲಾಸಲ್ಲೇ ಸಾವಿರ ದಾಟಿತ್ತು. ಎಂಟರದ್ದು ನೆನಪಿಲ್ಲ,” ಎಂದಳು ಆಸ್ಪತ್ರೆಯ ನರ್ಸ್. ಅವಳೂ ಹಳೆಯ ವಿದ್ಯಾರ್ಥಿನಿ. “ನಿಂದು?”

“ನಂದು ಕೇಳ್ಬೇಡ. ಮೇಷ್ಟ್ರು ನನ್ನನ್ನ ಆಮೆ ಅಂತಿದ್ರಲ್ವಾ. ದಿನಾ ಲೇಟು, ದಿನಾ ನೂರು.”

ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. “ಯಾರು ಬರ್ದುಕೊಟ್ಟಿದ್ದು? ಏನನ್ನ?”

ಇಬ್ಬರೂ ಧಡಕ್ಕನೆ ಎದ್ದು ನಿಂತರು. ಒಬ್ಬನಿಗೆ ನಲವತ್ತೆಂಟು, ಇನ್ನೊಬ್ಬಳಿಗೆ ನಲವತ್ತೈದು.

*

ಆ ಶಾಲೆಯಲ್ಲಿ ಮೇಷ್ಟ್ರು ಯಾರ ಮೇಲೂ ಕೈ ಎತ್ತಿದವರಲ್ಲ. ಅವರ ಶಿಕ್ಷೆಯೇ ಬೇರೆ. ತಡವಾಗಿ ಬಂದವನಿಗೆ ಹೊತ್ತಿನ ಬೆಲೆ ಹೇಳುವ ಒಂದು ಇಂಗ್ಲಿಷ್ ಗಾದೆ, ಕಾಪಿ ಹೊಡೆದವನಿಗೆ ಪ್ರಾಮಾಣಿಕತೆಯದ್ದು, ಓದದವನಿಗೆ ಓದಿನದ್ದು. ಹೀಗೆ ರೋಗಕ್ಕೆ ತಕ್ಕ ಔಷಧದಂತೆ ಒಂದು ವಾಕ್ಯ ಆರಿಸಿ ಕರಿಹಲಗೆಯ ಮೇಲೆ ಬರೆಯುವರು. ಅದನ್ನು ನೂರು ಸಲ ಬರೆದು ಮರುದಿನ ಬೆಳಿಗ್ಗೆ ಏಳರೊಳಗೆ ಅವರ ಮನೆಯ ಜಗಲಿಯ ಬುಟ್ಟಿಯಲ್ಲಿ ಹಾಕಬೇಕು. ಕೈ ನೂರು ಸಲ ಬರೆದರೆ ತಲೆ ಒಂದು ಸಲವಾದರೂ ಕಲಿಯುತ್ತದೆ ಎಂಬುದು ಅವರ ನಂಬಿಕೆ. ಆ ನಂಬಿಕೆಯ ಮೇಲೆಯೇ ಅವರ ಮೂವತ್ತಮೂರು ವರ್ಷ ನಿಂತಿತ್ತು.

ಮದುವೆಯಾದ ಹೊಸದರಲ್ಲಿ ಹೆಂಡತಿ ಒಮ್ಮೆ ಕೇಳಿದ್ದಳು, ನಂಗೂ ಇಂಗ್ಲಿಷ್ ಹೇಳಿಕೊಡ್ತೀರಾ ಎಂದು. ಅವಳು ಓದಿದ್ದು ನಾಲ್ಕನೆಯ ತರಗತಿ. ಅವಳಿಗೂ ಒಂದು ವಾಕ್ಯ ಕೊಟ್ಟರು. ಮೂರು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ನಿನ್ನ ತಲೆಗೆ ಇದು ಹತ್ತೋದಲ್ಲ ಬಿಡು ಎಂದು ನಕ್ಕು ಕಾಗದ ಮಡಚಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ.

*

ನರ್ಸ್ ನೆಲ ನೋಡುತ್ತಿದ್ದಳು. ಹೇಳಿದವನು ಡ್ರೈವರ್.

ಅವನ ಅಪ್ಪನಿಗೆ ರಾತ್ರಿ ಪಾಳಿಯ ಕೆಲಸವಂತೆ, ತಾಯಿ ಹಾಸಿಗೆ ಹಿಡಿದಿದ್ದಳಂತೆ. ತಂಗಿಯರಿಗೆ ಜಡೆ ಹಾಕಿ, ಉಣಿಸಿ, ಶಾಲೆಗೆ ಓಡಿಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು. ಒಂದು ದಿನ ಅರವತ್ತೇ ಸಲ ಬರೆದ ಹಾಳೆ ಹಿಡಿದು ಜಗಲಿಯಲ್ಲಿ ಅಳುತ್ತ ನಿಂತಿದ್ದನಂತೆ. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಮೇಷ್ಟ್ರ ಮನೆಯ ಅಮ್ಮ ಅವನನ್ನು ಹಿತ್ತಿಲಿಗೆ ಕರೆದು, ತಿಂಡಿಯ ತಟ್ಟೆ ಕೈಗೆ ಕೊಟ್ಟು, ಹಾಳೆಯನ್ನು ತಾನು ತೆಗೆದುಕೊಂಡಳಂತೆ.

“ಅವತ್ತಿಂದ ಅದೇ ಅಭ್ಯಾಸ ಆಗೋಯ್ತು ಸಾರ್. ಅವ್ರು ಬರೀತಿದ್ರು, ನಾವು ತಿಂತಿದ್ವಿ. ಬರೆಯೋದು ಜಾಸ್ತಿ ಇದ್ದ ದಿನ ಹಂಡೆಗೆ ಇನ್ನೆರಡು ಸೌದೆ ಹಾಕೋರು. ಬಿಸಿನೀರು ಜಾಸ್ತಿ ಇದ್ರೆ ನೀವು ಬೇಗ ಹೊರಗೆ ಬರಲ್ಲ ಅಂತ.”

ಆ ಬಿಸಿನೀರಿನ ಸುಖವನ್ನು ಮೇಷ್ಟ್ರು ಎಷ್ಟು ಜನರ ಮುಂದೆ ಹೊಗಳಿದ್ದರು!

“ಸುಳ್ಳು,” ಎಂದರು. “ಕೈಬರಹ ಬೇರೆಬೇರೆ ಇರ್ತಿತ್ತು. ನಾನು ಒಂದೊಂದು ಸಾಲೂ ನೋಡ್ತಿದ್ದೆ.”

“ನಂದು ದುಂಡಗೆ, ಇವನದ್ದು ಎಡಕ್ಕೆ ವಾಲಿರೋದು,” ಎಂದಳು ನರ್ಸ್ ಮೆಲ್ಲಗೆ. “ಎಲ್ಲರದ್ದೂ ಅವ್ರಿಗೆ ಬರ್ತಿತ್ತು. ಬೇಕಂತಲೇ ಎರಡು ತಪ್ಪೂ ಸೇರಿಸೋರು. ಕೆಂಪು ಗೀಟು ಹಾಕೋಕೆ ಏನಾದ್ರೂ ಇರ್ಬೇಕು ಕಣೇ, ಇಲ್ದಿದ್ರೆ ಅವ್ರಿಗೆ ಬೇಜಾರಾಗುತ್ತೆ ಅನ್ನೋರು.”

“ಅವಳಿಗೆ ಇಂಗ್ಲಿಷ್ ಬರ್ತಿರಲಿಲ್ಲ.”

“ಮೊದಮೊದಲು ಬರ್ತಿರಲಿಲ್ಲವೇನೋ. ನಾನು ಏಳನೇ ಕ್ಲಾಸಿಗೆ ಬರೋಷ್ಟರಲ್ಲಿ ಅರ್ಥ ಹೇಳಿಕೊಡ್ತಿದ್ರು ಸಾರ್. ನರ್ಸಿಂಗಿನ ಅರ್ಜೀನ ಇಂಗ್ಲಿಷಲ್ಲಿ ಬರ್ದುಕೊಟ್ಟಿದ್ದೂ ಅವ್ರೇ.” ಮತ್ತೆ ಸೇರಿಸಿದಳು, “ನಿಮ್ಮ ನೂರು ಸಲ ಯಾರಿಗೂ ಹತ್ತಲಿಲ್ಲ ಅನ್ಕೋಬೇಡಿ. ಅವ್ರಿಗೆ ಹತ್ತಿತ್ತು.”

ಅದು ಸಮಾಧಾನಕ್ಕೆ ಆಡಿದ ಮಾತು. ಆಮೆಯ ಒಂದು ಹಾಳೆಯನ್ನು ಮೇಷ್ಟ್ರು ತರಗತಿಯ ಮುಂದೆ ಎತ್ತಿ ಹಿಡಿದಿದ್ದುಂಟು: ನೋಡಿ, ಇದು ತಿದ್ದಿಕೊಂಡ ಹುಡುಗನ ಕೈ. ಅವತ್ತಿನ ವಾಕ್ಯವನ್ನು ಡ್ರೈವರ್ ಈಗಲೂ ತಡವರಿಸದೆ ಹೇಳಿದ, “ಟರ್ನ್ ಓವರ್ ಎ ನ್ಯೂ ಲೀಫ್.” ಹಳೆಯದನ್ನು ಬಿಟ್ಟು ಹೊಸದಾಗಿ ಶುರುಮಾಡು ಎಂಬ ಅದರ ಅರ್ಥ ಮಾತ್ರ ಇವತ್ತಿಗೂ ಗೊತ್ತಿಲ್ಲವಂತೆ. ಅಮ್ಮ ಅರ್ಥ ಹೇಳುವಾಗ ತನ್ನ ಗಮನವೆಲ್ಲ ತಟ್ಟೆಯ ಮೇಲಿರುತ್ತಿತ್ತು ಎಂದ.

ಮೇಷ್ಟ್ರು ಜಗಲಿಗೆ ಹೋಗಿ ಮಗಳ ಪಕ್ಕ ಕೂತರು. ಮನೆಯ ಮಗಳೆಂದು ಅವಳಿಗೆ ಅವರು ಒಂದು ಸಾಲಿನ ರಿಯಾಯಿತಿಯನ್ನೂ ತೋರಿಸಿರಲಿಲ್ಲ. ಅದು ಊರಿಗೆಲ್ಲ ಗೊತ್ತು.

“ನಿಂಗೆ ಗೊತ್ತಿತ್ತಾ?”

ಏನು ಎಂದು ಮಗಳು ಕೇಳಲಿಲ್ಲ. “ಅಪ್ಪಾ, ನಂದೂ ಅಮ್ಮನೇ ಬರೀತಿದ್ಲು.”

“ನಂಗೆ ಒಂದು ಮಾತು ಹೇಳಬಹುದಿತ್ತಲ್ಲ,” ಎಂದರು.

“ಹೇಳೋಣ ಅಂತ ನಾನು ಎಷ್ಟೋ ಸಲ ಅಂದೆ. ಬೇಡ, ಆ ಒಂದು ನಂಬಿಕೆ ಇಟ್ಕೊಂಡು ಪಾಪ ದಿನಾ ಶಾಲೆಗೆ ಹೋಗ್ತಾರೆ, ಅದನ್ನ ಯಾಕೆ ಕಿತ್ಕೋಬೇಕು ಅಂದ್ಲು.”

ಮಗಳು ಸೆರಗಿನಿಂದ ಅಪ್ಪನ ಮುಖ ಒರೆಸಿದಳು. ಅಷ್ಟು ಜನರ ಮುಂದೆ ಅವರು ಬೇಡವೆನ್ನಲಿಲ್ಲ.

*

ಸ್ಮಶಾನ ತಲುಪಿದಾಗ ಗುಂಡಿ ತೋಡುವವನ ಕೆಲಸ ಇನ್ನೂ ಮುಗಿದಿರಲಿಲ್ಲ. ಎದೆಯವರೆಗೆ ಇಳಿದು ನಿಂತು ತಳ ಸಮ ಮಾಡುತ್ತಿದ್ದ. ಬಗ್ಗಿದಾಗ ತಲೆಯೂ ಕಾಣುತ್ತಿರಲಿಲ್ಲ. ಜನ ಸುತ್ತ ನಿಂತರು. ಮೇಷ್ಟ್ರು ಎರಡು ಮಾತಾಡುತ್ತಾರಂತೆ ಎಂದು ಯಾರೋ ಹೇಳಿದ್ದೇ ಗುಜುಗುಜು ನಿಂತಿತು.

ಅವರು ಚೀಟಿ ತೆಗೆದರು. ಈಕೆಗೆ ಇಂಗ್ಲಿಷಿನ ಒಂದಕ್ಷರ. ಅಲ್ಲಿಂದ ಮುಂದಕ್ಕೆ ಕಣ್ಣು ಹೋಗಲಿಲ್ಲ. ಎದುರಿಗಿದ್ದವರನ್ನು ನೋಡಿದರು. ಎಲ್ಲರ ಮುಖದಲ್ಲೂ ಒಂದೇ ಭಯ. ಡ್ರೈವರ್ ಮತ್ತು ನರ್ಸ್ ಬಾಯಿಬಿಟ್ಟ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಮೇಷ್ಟ್ರು ಈಗ ಬೈದರೂ ತಪ್ಪಲ್ಲ ಎನ್ನುವಂತೆ ಅವರು ನಿಂತಿದ್ದರು. ಚೀಟಿಯಲ್ಲಿದ್ದುದನ್ನೇ ಓದಿದರೂ ಯಾರೂ ತಿದ್ದುತ್ತಿರಲಿಲ್ಲ, ಅದೂ ಅವರಿಗೆ ತಿಳಿಯಿತು. ಇಷ್ಟು ವರ್ಷ ಕಾಪಾಡಿದವರು ಇನ್ನೊಂದು ಗಳಿಗೆ ಕಾಪಾಡಿಯಾರು.

ಚೀಟಿ ಮಡಚಿದರು. ಹೊರಟದ್ದು ಮೂವತ್ತಮೂರು ವರ್ಷದ ಅದೇ ತರಗತಿಯ ದನಿ.

“ಇವಳು ಯಾರ‍್ಯಾರಿಗೆ ಬರ್ದುಕೊಟ್ಟಿದ್ದಾಳೆ? ಕೈ ಎತ್ತಿ.”

ಮೊದಲು ಮಗಳು ಎತ್ತಿದಳು. ಆಮೇಲೆ ಡ್ರೈವರ್. ಪಕ್ಕದಲ್ಲಿ ನರ್ಸ್. ಹಿಂದಿನ ಸಾಲಿನಲ್ಲಿ ಒಂದು, ಬೇಲಿಯ ಹತ್ತಿರ ನಾಲ್ಕು, ಬಳೆಯ ಕೈ, ಗಡಿಯಾರದ ಕೈ, ಕೋಲು ಊರಿದ್ದನ್ನು ಬಿಟ್ಟು ನಡುಗುತ್ತ ಎದ್ದ ಕೈ. ನೋಡುನೋಡುತ್ತ ತಲೆಗಳು ಕಾಣದಷ್ಟು ಕೈಗಳಾದವು. ಎಲ್ಲರಿಗಿಂತ ಕೊನೆಗೆ, ಗುಂಡಿಯೊಳಗಿಂದ, ಮಣ್ಣು ಮೆತ್ತಿದ ಒಂದು ಕೈ ಅಂಚಿನ ಮೇಲಕ್ಕೆ ಎದ್ದು ನಿಂತಿತು.

ಇಳಿಸಿ ಎಂದು ಹೇಳಬೇಕಾದವರು ಮೇಷ್ಟ್ರು. ಅವರು ಹೇಳಲಿಲ್ಲ. ಬಿಸಿಲು ಏರುತ್ತಿತ್ತು. ಯಾರೂ ಕೈ ಇಳಿಸಲಿಲ್ಲ.